ಮೇಡಮ್‌ಗಾಗಿ ನೋಡಿದ ಮನೆ

ಆ ವರ್ಷ ನಾನು ಎರಡು ಮನೆ ಹುಡುಕುತ್ತಿದ್ದೆ. ಒಂದು ನಮಗೆ, ಕುವೈತಿನ ಫರ್ವಾನಿಯಾದಲ್ಲಿ. ಇನ್ನೊಂದು ಮೇಡಮ್‌ಗೆ, ಸಮುದ್ರದ ಬದಿಯ ಶಾಬ್‌ನಲ್ಲಿ. ಮೇಡಂ ಎಂಬ ಹೆಂಗಸು ಈ ಭೂಮಿಯ ಮೇಲೆ ಇಲ್ಲವೇ ಇಲ್ಲ ಎನ್ನುವುದು ನನಗೊಬ್ಬಳಿಗೇ ಗೊತ್ತಿದ್ದ ಗುಟ್ಟು.

ನಮಗೆ ಮನೆ ಬೇಕಾದದ್ದು ಹೀಗೆ. ನಾವಿದ್ದ ಹಳೆಯ ಕಟ್ಟಡವನ್ನು ಕೆಡವುತ್ತೇವೆ, ಜೂನ್ ಕೊನೆಗೆ ಖಾಲಿ ಮಾಡಿ ಎಂದು ಫೆಬ್ರವರಿಯಲ್ಲಿ ಬಾಗಿಲಿಗೆ ಕಾಗದ ಅಂಟಿಸಿ ಹೋಗಿದ್ದರು. ಎರಡು ಕೋಣೆಯ ಆ ಫ್ಲಾಟಿನಲ್ಲಿ ಒಂದು ಕೋಣೆ ನಮ್ಮದು, ಇನ್ನೊಂದು ಬೇರೆ ಸಂಸಾರದ್ದು, ಅಡುಗೆಮನೆ ಇಬ್ಬರದ್ದೂ. ಹತ್ತನೇ ಕ್ಲಾಸಿನ ನನ್ನ ಮಗಳು ಹುಟ್ಟಿದಂದಿನಿಂದ ಮಲಗಿದ್ದು ನಮ್ಮ ಕೋಣೆಯಲ್ಲೇ, ಬಟ್ಟೆಯ ಕಪಾಟಿನ ಹಿಂದೆ. ಕಪಾಟೇ ಅವಳ ಗೋಡೆ. ಅದರ ಬೆನ್ನಿಗೆ ಅವಳು ನಕ್ಷತ್ರ, ಟೈಮ್‌ಟೇಬಲ್, ಗೆಳತಿಯರ ಫೋಟೋ ಎಲ್ಲ ಅಂಟಿಸಿದ್ದಳು. ಬಾಗಿಲಿರುವ ಒಂದು ಕೋಣೆ ಬೇಕು ಎಂದು ಅವಳು ಒಮ್ಮೆಯೂ ಬಾಯಿಬಿಟ್ಟು ಕೇಳಿದವಳಲ್ಲ. ಕೇಳದೆ ಇದ್ದದ್ದೇ ನನಗೆ ಹೆಚ್ಚು ಸಂಕಟ.

"ಜೂನ್ ಒಳಗೆ ಸರಿಯಾದ ಮನೆ ಸಿಗದಿದ್ರೆ ಮಗಳನ್ನು ಮಂಗಳೂರಿನಲ್ಲಿ ಹಾಸ್ಟೆಲಿಗೆ ಹಾಕುವ," ಅಂದರು ನನ್ನ ಗಂಡ. "ಪಿಯುಸಿಯನ್ನು ಕಪಾಟಿನ ಹಿಂದೆ ಓದ್ಲಿಕ್ಕೆ ಆಗ್ತದಾ? ನಾವಿಬ್ಬರು ಎಲ್ಲಿಯಾದ್ರೂ ಒಂದು ರೂಮಿನಲ್ಲಿ ಇರುವ."

"ಹಾಸ್ಟೆಲಿಗೆ ಹಾಕ್ಲಿಕ್ಕೆ ನಾನು ಅವಳನ್ನು ಹೆತ್ತದ್ದಾ?" ಅಂದೆ. ಮನೆಯಲ್ಲಿ ನಾವು ಆಡುವುದು ಕೊಂಕಣಿ. ಜಗಳ ಮಾತ್ರ ಕನ್ನಡದಲ್ಲಿ, ಯಾಕೆಂದರೆ ಇಬ್ಬರೂ ಕಲಿತದ್ದು ಕನ್ನಡ ಶಾಲೆಯಲ್ಲಿ, ಬೈಗುಳ ಕಲಿತದ್ದೂ ಅಲ್ಲಿಯೇ. ಆ ದಿನ ಕನ್ನಡ ಬಹಳ ಹೊತ್ತು ನಡೆಯಿತು.

ಮನೆ ಹುಡುಕುವುದಕ್ಕೆ ನಮ್ಮಲ್ಲಿ ಒಂದು ಕ್ರಮ ಉಂಟು. ಇಲ್ಲಿ ರಜೆಯ ದಿನವಾದ ಶುಕ್ರವಾರ ಇಗರ್ಜಿಯಲ್ಲಿ ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಿಂತು ನಾಲ್ಕು ಜನರ ಕಿವಿಗೆ ಹಾಕುವುದು. ಆಮೇಲೆ ನಮ್ಮ ಬೀದಿಯ ಬಕಾಲಕ್ಕೆ, ಅಂದರೆ ದಿನಸಿ ಅಂಗಡಿಗೆ ಹೋಗಿ ಅದರ ಹೊರಗೋಡೆಯ ಚೀಟಿಗಳನ್ನು ಓದುವುದು. ಅಂಗಡಿ ಉಪ್ಪಿನಂಗಡಿ ಕಡೆಯ ಬ್ಯಾರಿಯೊಬ್ಬರದು. ಅವರು ಆ ಗೋಡೆಯನ್ನು ಅಂಗಡಿಗಿಂತ ಚೊಕ್ಕವಾಗಿ ಇಟ್ಟುಕೊಂಡಿದ್ದರು. ಎಡಗಡೆ ಕೇರಳದವರ ಚೀಟಿ. ನಡುವೆ ನಮ್ಮ ಮಂಗಳೂರು, ಉಡುಪಿ, ಗೋವಾ. ಬಲಗಡೆ ಫಿಲಿಪಿನೋ ಹೆಂಗಸರಿಗೆ ಮಂಚ ಬಾಡಿಗೆಗೆ ಕೊಡುವವರದು. ಕೆಳಗೆ ಒಂಟಿ ಗಂಡಸರದು. ಪ್ರತಿ ಚೀಟಿಯ ತುದಿಯನ್ನು ಕತ್ತರಿಸಿ ಫೋನ್ ನಂಬರಿನ ಸಣ್ಣ ನಾಲಿಗೆಗಳನ್ನು ಮಾಡಿರುತ್ತಾರೆ. ಬೇಕಾದವರು ಒಂದು ನಾಲಿಗೆ ಹರಿದುಕೊಂಡು ಹೋಗುವುದು.

"ಅಕ್ಕ, ನಿಮ್ಮವರದ್ದು ಒಂದು ಹೊಸತು ಬಂದಿದೆ, ನೋಡಿ," ಎಂದು ಅವರು ಗಲ್ಲೆಯಿಂದಲೇ ಕೂಗುತ್ತಿದ್ದರು. ಹೋಗಿ ನೋಡಿದರೆ ಮತ್ತೆ ಅದೇ: ಒಂದು ಕೋಣೆ, ಅಡುಗೆಮನೆ ಹಂಚಿಕೊಳ್ಳಬೇಕು, ಮಂಗಳೂರಿನ ಕ್ಯಾಥೊಲಿಕ್ ಕುಟುಂಬಕ್ಕೆ ಮಾತ್ರ. ಎಡಗಡೆಯ ಚೀಟಿ ನಾನು ಓದುತ್ತಿರಲಿಲ್ಲ. ನನ್ನ ಕಣ್ಣು ಅತ್ತ ಹೋಗುತ್ತಲೇ ಇರಲಿಲ್ಲ. ಬೇಲಿ ಹಾಕಿದವರು ಯಾರೂ ಇಲ್ಲ, ಆದರೂ ಹೋಗುತ್ತಿರಲಿಲ್ಲ.

ಬೇಲಿ ಇರಲೇ ಇಲ್ಲ ಎಂದರೆ ಸುಳ್ಳಾದೀತು. ಕುವೈತಿಗೆ ಬಂದ ಮೊದಲ ವರ್ಷ, ಮಗಳು ಹೊಟ್ಟೆಯಲ್ಲಿದ್ದಾಗ, ಸಮುದ್ರದ ಬದಿಯ ಒಂದು ಮನೆಯ ಜಾಹೀರಾತು ನೋಡಿ ಫೋನು ಮಾಡಿದ್ದೆ. ಆ ಕಡೆಯ ಮನುಷ್ಯ ಮೊದಲು ಕೇಳಿದ್ದೇ ಯಾವ ದೇಶ ಎಂದು. ಇಂಡಿಯಾ ಅಂದೆ. "ಸಾರಿ, ಓನ್ಲಿ ಯುರೋಪಿಯನ್," ಅಂದ, ಇಟ್ಟ. ಬೈಯಲಿಲ್ಲ, ಗದರಲಿಲ್ಲ. ಅಂಗಡಿಯಲ್ಲಿ ಸಕ್ಕರೆ ಮುಗಿದಿದೆ ಎಂದು ಹೇಳುವ ಹಾಗೆ ಹೇಳಿದ.  ಆಮೇಲೆ ಹದಿನೈದು ವರ್ಷ ಆ ಕಡೆ ಒಂದು ಫೋನೂ ಮಾಡಲಿಲ್ಲ. ಒಬ್ಬ ಹೇಳಿದ "ಇಲ್ಲ" ನನಗೆ ಇಡೀ ಸಮುದ್ರತೀರಕ್ಕೆ ಸಾಕಾಯಿತು, ನೋಡಿ ನನ್ನ ಬುದ್ಧಿ!

ಇನ್ನು ಮೇಡಮ್‌ನ ಕಥೆ. ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕು ಶಾಬ್‌ನಲ್ಲಿದೆ. ಬೆಳಿಗ್ಗೆ ಒಂದು ಪಾಳಿ, ಸಂಜೆ ಒಂದು ಪಾಳಿ, ನಡುವೆ ಒಂದರಿಂದ ನಾಲ್ಕರವರೆಗೆ ಬೀಗ. ಡಾಕ್ಟರುಗಳು ಕಾರು ಹತ್ತಿ ಮನೆಗೆ ಹೋಗಿ ಉಂಡು ಒಂದು ನಿದ್ದೆ ತೆಗೆದು ಬರುತ್ತಾರೆ. ನಾನು ಬಸ್ಸಿನಲ್ಲಿ ಫರ್ವಾನಿಯಾ ಮುಟ್ಟುವಷ್ಟರಲ್ಲಿ ವಾಪಸು ಹೊರಡುವ ಹೊತ್ತು. ಹಾಗಾಗಿ ಬುತ್ತಿ ಉಂಡು, ಎಲ್ಲಿ ನೆರಳು ಸಿಕ್ಕಿತೋ ಅಲ್ಲಿ ಕೂರುತ್ತಿದ್ದೆ. ಆ ಹೊತ್ತಿನಲ್ಲಿ ಆ ಬೀದಿಗಳಲ್ಲಿ ಒಂದು ನರಪಿಳ್ಳೆ ಇರುವುದಿಲ್ಲ. ಕಟ್ಟಡಗಳೆಲ್ಲ ಬಿಸಿಲಿನಲ್ಲಿ ಕಣ್ಣುಮುಚ್ಚಿ ನಿಂತಿರುತ್ತವೆ. ಬೀದಿಯ ತುದಿಯಲ್ಲಿ ಸಮುದ್ರ ಇದೆಯೋ ಬರೀ ಬೆಳಕು ಇದೆಯೋ ಹೇಳಲು ಬರುವುದಿಲ್ಲ.

ಮನೆ ಬಿಡಿಸುವ ಆ ಕಾಗದ ಬರುವುದಕ್ಕೆ ಹಿಂದಿನ ವರ್ಷ, ಅಂಥ ಒಂದು ಮಧ್ಯಾಹ್ನ, ತಂಪಿದೆ ಎಂದು ಒಂದು ಕಟ್ಟಡದ ಮೆಟ್ಟಿಲ ಬುಡದಲ್ಲಿ ಕೂತೆ. ಹಾರಿಸ್ ಬಂದ. ಹಾರಿಸ್ ಎಂದರೆ ಕಟ್ಟಡ ಕಾಯುವವನು, ಖಾಲಿ ಮನೆಗಳ ಬೀಗದಕೈ ಇರುವುದು ಅವನ ಹತ್ತಿರವೇ. ಈತ ಬಾಂಗ್ಲಾದೇಶದ ವಯಸ್ಸಾದ ಮನುಷ್ಯ, ಗಡ್ಡ ಅರ್ಧ ಬೆಳ್ಳಗಾದವನು. ನಮ್ಮ ಕ್ಲಿನಿಕ್ಕಿನ ಸಮವಸ್ತ್ರ ತಿಳಿಗುಲಾಬಿ ಬಣ್ಣದ್ದು. ಆ ಕಡೆ ಮನೆಗೆಲಸದವರಿಗೂ ಹೆಚ್ಚುಕಡಿಮೆ ಅಂಥದ್ದನ್ನೇ ಹೊಲಿಸುತ್ತಾರೆ. ಅವನು ನನ್ನನ್ನೂ ಅಂಗಿಯನ್ನೂ ನೋಡಿ ಹಿಂದಿಯಲ್ಲಿ ಕೇಳಿದ:

"ಮನೆ ನೋಡ್ಲಿಕ್ಕಾ ದೀದಿ? ಮೇಡಂ ಎಲ್ಲಿ?"

ಬೇರೆ ದಿನವಾದರೆ ಅವನಿಗೆ ಗ್ರಹಚಾರ ಬಿಡಿಸುತ್ತಿದ್ದೆ. ಅವನೂ ನನ್ನ ಬಣ್ಣದವನೇ, ನನ್ನ ಹಾಗೆಯೇ ಹೊಟ್ಟೆಪಾಡಿಗೆ ಬಂದವನು. ಅವನಿಗೂ ನಾನು ಕೆಲಸದವಳ ಹಾಗೆ ಕಾಣಬೇಕೇ? ಆದರೆ ಮೆಟ್ಟಿಲು ತಣ್ಣಗಿತ್ತು. ಎದ್ದು ಬಿಸಿಲಿಗೆ ಹೋಗುವುದು ಬೇಡವಾಗಿತ್ತು. ಬಾಯಿಂದ ತನ್ನಿಂತಾನೇ ಬಂತು: "ಮೇಡಂ ಆಮೇಲೆ ಬರ್ತಾರೆ ಭಾಯಿ. ನಾನು ಮೊದಲು ನೋಡಿ ಹೇಳ್ಬೇಕು."

ಅವನು ಬೀಗದಕೈ ಗೊಂಚಲು ತಂದ. ಅದು ನಾನು ಒಳಹೊಕ್ಕ ಮೊದಲನೆಯ ಖಾಲಿ ಮನೆ.

ಖಾಲಿ ಮನೆಯೊಳಗೆ ನಮ್ಮ ಹೆಜ್ಜೆಯೇ ನಮಗಿಂತ ಮೊದಲು ಹೋಗಿ ಎಲ್ಲ ಕೋಣೆ ನೋಡಿ ಬರುತ್ತದೆ. ನೆಲದ ಮೇಲೆ ಕಿಟಕಿಗಳ ಬೆಳಕು ಮಲಗಿತ್ತು. ನಾನು ಅದನ್ನು ತುಳಿಯದೆ ಬದಿಯಿಂದ ನಡೆದೆ. ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿದೆ. ಒಂದು ನಿಟ್ಟುಸಿರು ಬಂತು, ಆಮೇಲೆ ನೀರು. ಒಂದು ಕೋಣೆಯ ಬಾಗಿಲು ಹಾಕಿ ನೋಡಿದೆ, ತೆಗೆದೆ, ಮತ್ತೆ ಹಾಕಿದೆ. ನನಗೇನು ಮರುಳೋ ಎಂದು ಹಾರಿಸ್ ನೋಡುತ್ತಿದ್ದ. ನಾಲ್ಕು ಗಂಟೆಗೆ ಕ್ಲಿನಿಕ್ಕಿಗೆ ಮರಳಿದಾಗ, ಎಲ್ಲೋ ದೂರ ಪ್ರಯಾಣ ಮಾಡಿ ಬಂದವರಂತೆ ಇದ್ದೀ ಎಂದು ಯಾರೋ ಅಂದರು.

ಅಂದಿನಿಂದ ಚಟ ಹತ್ತಿತು. ವಾರಕ್ಕೊಂದು ಕಟ್ಟಡ. ಎಲ್ಲೆಡೆ ಮೇಡಂ ಆಮೇಲೆ ಬರುವವಳು. ಸುಳ್ಳಿಗೆ ಅಂಗಿ ಹೊಲಿಸುತ್ತ ಹೋದೆ: ಮೇಡಮ್‌ಗೆ ಒಬ್ಬ ಮಗ, ಪಿಯಾನೋ ನುಡಿಸುತ್ತಾನೆ, ಅದಕ್ಕೆ ದೊಡ್ಡ ಹಾಲ್ ಬೇಕು. ಮೇಡಮ್‌ಗೆ ಪರದೆ ಆಗುವುದಿಲ್ಲ, ಬೆಳಕು ಬೇಕು. ಮೇಡಂ ಸಕ್ಕರೆ ಹಾಕದ ಚಹಾ ಕುಡಿಯುತ್ತಾಳೆ, ಬಾಲ್ಕನಿಯಲ್ಲಿ ಕೂತು. ಅವಳು ಯಾವ ದೇಶದವಳು ಎಂದು ಒಬ್ಬ ಹಾರಿಸನೂ ನನ್ನನ್ನು ಕೇಳಲಿಲ್ಲ. ಮೇಡಂ ಅಂದರೆ ಮೇಡಂ, ಎಲ್ಲ ಬಾಗಿಲೂ ತೆರೆಯುತ್ತಿದ್ದವು. ನಾನು ಮನಸ್ಸಿನಲ್ಲೇ ಅವಳ ಸೋಫಾ ಇಟ್ಟೆ, ಮಂಚ ಇಟ್ಟೆ, ಗೋಡೆಗೆ ಚಿತ್ರ ಹಾಕಿದೆ. ಆ ಮನೆಗಳಲ್ಲಿ ನನಗಾಗಿ ಒಂದು ಚಮಚವನ್ನೂ ಇಟ್ಟವಳಲ್ಲ.

ಫೆಬ್ರವರಿಯಲ್ಲಿ ಕಾಗದ ಬಂದ ಮೇಲೂ ಈ ಚಟ ನಿಲ್ಲಲಿಲ್ಲ. ಇದನ್ನು ಹೇಳಲು ನನಗೆ ಈಗಲೂ ನಾಚಿಕೆ. ಶುಕ್ರವಾರ ಬಕಾಲದ ಗೋಡೆಯ ಮುಂದೆ ನಿಂತು ಕಣ್ಣೀರು ಹಾಕುತ್ತಿದ್ದೆ, ಶನಿವಾರ ಮಧ್ಯಾಹ್ನ ಶಾಬ್‌ನಲ್ಲಿ ಮೇಡಮ್‌ಗೆ ಮನೆ ನೋಡುತ್ತಿದ್ದೆ. ಎರಡು ಹುಡುಕಾಟವೂ ಒಂದೇ ತಲೆಯೊಳಗೆ ಇದ್ದವು, ಆದರೆ ಒಂದಕ್ಕೊಂದು ಮುಖಾಮುಖಿಯಾಗಲೇ ಇಲ್ಲ.

ಏಪ್ರಿಲಿನಲ್ಲಿ ಆ ಮೊದಲಿನ ಹಾರಿಸ್ ತನ್ನ ಕಟ್ಟಡದಲ್ಲೇ ಇನ್ನೊಂದು ಮನೆ ಖಾಲಿಯಾಗಿದೆ ಎಂದ. ಮೂರನೆಯ ಮಹಡಿ. ಹಳೆಯ ಮನೆ, ಬಣ್ಣ ಇನ್ನೂ ಬಳಿದಿರಲಿಲ್ಲ, ಬಾತ್‌ರೂಮಿನ ಟೈಲ್ಸು ಅಲ್ಲಲ್ಲಿ ಒಡೆದಿತ್ತು. ಎರಡು ಕೋಣೆ, ಹಾಲ್, ಅಡುಗೆಮನೆಯ ಕಿಟಕಿಯಲ್ಲಿ ಅಂಗೈ ಅಗಲದ ಸಮುದ್ರ. ಚಿಕ್ಕ ಕೋಣೆಗೆ ಒಂದು ಹಸಿರು ಬಾಗಿಲು, ಅದಕ್ಕೆ ಒಳಗಿನಿಂದ ಚಿಲಕ. ಆ ಚಿಲಕ ಹಾಕಿ ನಾನು ಒಳಗೆ ಸುಮ್ಮನೆ ನಿಂತೆ. ಹೊರಗಿನ ಯಾವ ಸದ್ದೂ ಬರಲಿಲ್ಲ. ಮೇಡಮ್‌ನ ಮಗನಿಗೆ ಒಳ್ಳೆಯದಾಯಿತು ಅಂದುಕೊಂಡೆ. ಹಾಲ್‌ನ ಗೋಡೆಯಲ್ಲಿ ತಲೆಗಿಂತ ಗೇಣು ಮೇಲೆ ಸ್ಕ್ರೂ ಬಿಚ್ಚಿದ ತೂತುಗಳಿದ್ದವು. ಅಲ್ಲಿ ಮೇಡಮ್‌ನ ದೊಡ್ಡ ಗಡಿಯಾರ ತೂಗುಹಾಕಿದೆ.

ಬಾಡಿಗೆ ಕೇಳಿದೆ. ಮನೆ ಹಳತಾದ್ದರಿಂದ ಫರ್ವಾನಿಯಾದಲ್ಲಿ ಪೂರ್ತಿ ಮನೆಗೆ ಕೊಡುವುದಕ್ಕಿಂತ ಸ್ವಲ್ಪವೇ ಜಾಸ್ತಿ.  ರಾತ್ರಿ ಗಂಡನಿಗೆ ಹೇಳಿದೆ.

"ಶಾಬ್‌ನಲ್ಲಿ ಒಂದು ಮನೆ ಉಂಟಂತೆ."

ಅವರು ರಾಯ್ ಎಂಬ ಕಡೆ ಕಾರಿನ ಬಿಡಿಭಾಗಗಳ ಗೋದಾಮು ನೋಡಿಕೊಳ್ಳುವವರು, ಕಂಪೆನಿಯ ವ್ಯಾನು ಫರ್ವಾನಿಯಾಕ್ಕೆ ಮಾತ್ರ. ವ್ಯಾನಿನ ಮಾತು ಎತ್ತುತ್ತಾರೆ ಅಂದುಕೊಂಡಿದ್ದೆ. ಎತ್ತಲಿಲ್ಲ. "ನಿನ್ನ ಮಂಡೆ ಸಮ ಉಂಟಾ? ಅಲ್ಲಿ ನಮ್ಮವರಿಗೆ ಯಾರು ಕೊಡ್ತಾರೆ?" ಅಂದರು.

"ನೀವು ಕೇಳಿದ್ದೀರಾ?"

"ಕೇಳ್ಲಿಕ್ಕೆ ಎಂತ ಉಂಟು ಮಾರಾಯ್ತಿ? ಅಲ್ಲಿ ನಮ್ಮವರು ಒಬ್ಬರಾದ್ರೂ ಇದ್ದಾರಾ? ಕೊಡುವುದಾದ್ರೆ ಇರ್ತಿರ್ಲಿಲ್ವಾ?"

ಜಗಳಗಂಟಿ ಎಂದು ಹೆಸರಾದ ನಾನು ಅಂದು ಬಾಯಿಮುಚ್ಚಿದೆ. ಯಾಕೆಂದರೆ ನನ್ನ ಲೆಕ್ಕಾಚಾರವೂ ಅದೇ ಆಗಿತ್ತು. ಮತ್ತೆ, ಆ ಮನೆ ನಾನು ಹೇಗೆ ನೋಡಿದೆ ಎಂದು ಹೇಳುವುದು ಹೇಗೆ?

ಆದರೂ ವಾರಕ್ಕೊಮ್ಮೆ ಅಲ್ಲಿಗೆ ಹೋದೆ. "ಮೇಡಂ ಊರಲ್ಲಿಲ್ಲ", "ಮೇಡಂ ಮುಂದಿನ ವಾರ ಬರ್ತಾರೆ". ಹಾರಿಸ್ ಪಾಪ, ಬಂದವರಿಗೆಲ್ಲ ಒಬ್ಬ ಮೇಡಂ ನೋಡುತ್ತಿದ್ದಾರೆ ಎಂದು ಹೇಳಿ ಮನೆ ಕಾದಿಟ್ಟ. ನಾನು ಹಸಿರು ಬಾಗಿಲಿನ ಕೋಣೆಯಲ್ಲಿ ನೆಲದ ಮೇಲೆ ಕೂತು ಬೆಳಕು ಒಂದು ಗೋಡೆಯಿಂದ ಇನ್ನೊಂದಕ್ಕೆ ಹೋಗುವುದನ್ನು ನೋಡುತ್ತಿದ್ದೆ. ಕೆಲವೊಮ್ಮೆ ತೂಕಡಿಸಿದ್ದೂ ಉಂಟು. ಆ ತೂಕಡಿಕೆಯಲ್ಲಿ ಪಿಯಾನೋ ಇರುತ್ತಿರಲಿಲ್ಲ. ಕಪಾಟಿನ ಬೆನ್ನಿನ ನಕ್ಷತ್ರಗಳು ಇರುತ್ತಿದ್ದವು.

ಜೂನ್ ಮೊದಲ ವಾರ ಮಗಳು ಹಲ್ಲು ತುಂಬಿಸಿಕೊಳ್ಳಲು ಕ್ಲಿನಿಕ್ಕಿಗೆ ಬಂದಳು. ಮುಗಿಯುವಾಗ ಒಂದು ಗಂಟೆ. ಅಷ್ಟರೊಳಗೆ ಮಂಗಳೂರಿನ ಹಾಸ್ಟೆಲಿನ ಅರ್ಜಿ ತುಂಬಿ ಮೇಜಿನ ಮೇಲಿಟ್ಟಾಗಿತ್ತು, ಕಳಿಸುವುದೊಂದು ಬಾಕಿ. "ಬಾ, ನಿನಗೆ ಒಂದು ಜಾಗ ತೋರಿಸ್ತೇನೆ," ಅಂದೆ. ಯಾಕೆ ಅಂದೆನೋ ಗೊತ್ತಿಲ್ಲ. ಕನಸನ್ನು ಒಮ್ಮೆ ಅವಳಿಗೂ ತೋರಿಸುವ ಆಸೆ ಇರಬೇಕು.

ಹಾರಿಸ್ ಬಾಗಿಲು ತೆರೆಯುತ್ತ ಕೇಳಿದ, "ಇವತ್ತೂ ಮೇಡಂ ಬರಲಿಲ್ವಾ ದೀದಿ? ಬೇಗ ಬರಬೇಕಿತ್ತು. ನಿನ್ನೆ ಬೇರೆಯವರು ಬಂದು ನೋಡಿ ಹೋಗಿದ್ದಾರೆ."

"ನಾಳೆ ಬರ್ತಾರೆ ಭಾಯಿ," ಅಂದೆ. ರೂಢಿಯ ಮಾತು, ನಾಲಿಗೆಯ ತುದಿಯಲ್ಲೇ ಇತ್ತು.

ಅಂದ ಮೇಲೆ ಮಗಳು ಪಕ್ಕದಲ್ಲಿರುವುದು ನೆನಪಾಯಿತು. ಅವಳಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಅವಳು ನನ್ನ ಮುಖ ನೋಡಿದಳು, ನನ್ನ ಗುಲಾಬಿ ಅಂಗಿ ನೋಡಿದಳು.  ಮರಗಟ್ಟಿದ ಕೆನ್ನೆಯನ್ನು ಅಂಗೈಯಲ್ಲಿ ಹಿಡಿದುಕೊಂಡು ಹಾಲ್‌ನೊಳಗೆ ನಡೆದಳು, ನೇರವಾಗಿ ಆ ತೂತುಗಳ ಗೋಡೆಗೆ ಹೋಗಿ ನಿಂತಳು. ಬೆರಳಿನಿಂದ ಒಂದೊಂದೇ ತೂತು ಮುಟ್ಟಿದಳು.

"ಮಮ್ಮಿ, ದಿಸ್ ವಾಸ್ ಸಮ್‌ಬಡೀಸ್ ಆಲ್ತಾರ್," ಅಂದಳು.

ಆಲ್ತಾರ್ ಎಂದರೆ ನಮ್ಮ ಮನೆಗಳಲ್ಲಿ ದೇವರ ಪೀಠ. ಗೋಡೆಗೆ ಒಂದು ಹಲಗೆ, ಮೇಲೆ ಶಿಲುಬೆ, ಎರಡು ಮೂರ್ತಿ, ಒಂದು ಕೆಂಪು ಬಲ್ಬು. ನಾನು ಹತ್ತಿರ ಹೋದೆ. ಹಲಗೆಗೆ ಎರಡು ತೂತು ಒಂದೇ ಸಮಕ್ಕೆ. ಶಿಲುಬೆಗೆ ಒಂದು, ಅವುಗಳಿಂದ ಮೇಲೆ ನಡುವಿನಲ್ಲಿ. ಬಲ್ಬಿನ ವಯರಿಗೆ ಬದಿಯಲ್ಲಿ ಸಣ್ಣದೊಂದು. ಅದಕ್ಕೂ ಮೇಲೆ ಗೋಡೆಯ ಮೇಲೆ ಮೇಣದಬತ್ತಿಯ ಹೊಗೆ ಹತ್ತಿ ಬೂದುಬಣ್ಣಕ್ಕೆ ತಿರುಗಿದ ಒಂದು ಗುರುತು. ಫರ್ವಾನಿಯಾದ ನಮ್ಮ ಕೋಣೆಯ ಗೋಡೆಯಲ್ಲಿ ನಾನೇ ಕೊರೆಸಿದ ತೂತುಗಳು ಹೀಗೆಯೇ ಇವೆ, ಇದೇ ಅಳತೆಗೆ. ಹುಟ್ಟಿದಾಗಿನಿಂದ ಅಂಥ ಪೀಠದ ಮುಂದೆ ಮೊಣಕಾಲೂರಿದವಳು ನಾನು. ಏಳು ವಾರ ನೋಡಿದರೂ ನನಗೆ ಕಂಡದ್ದು ಗಡಿಯಾರ.

ಹಾರಿಸನ ಕಡೆ ತಿರುಗಿದೆ. ಅವನು ತಪ್ಪು ಮಾಡಿ ಸಿಕ್ಕಿಬಿದ್ದವನಂತೆ ನಿಂತಿದ್ದ.

"ಹೌದು ದೀದಿ. ಮೊದಲು ಇದ್ದವರು ಇಂಡಿಯಾದವರು. ನಿಮ್ಮ ಹಾಗೆಯೇ. ಹತ್ತು ವರ್ಷ ಇದ್ರು, ಒಳ್ಳೆಯ ಜನ. ಸಂಜೆ ಎಲ್ಲ ಕೂತು ಪ್ರಾರ್ಥನೆ ಹಾಡ್ತಿದ್ರು, ಕೆಳಗಿನ ತನಕ ಕೇಳ್ತಿತ್ತು."

"ಮತ್ತೆ ಇಷ್ಟು ದಿನ ಯಾಕೆ ಹೇಳ್ಲಿಲ್ಲ?" ನನ್ನ ಸ್ವರ ಖಾಲಿ ಮನೆಯಲ್ಲಿ ದೊಡ್ಡದಾಗಿ ಕೇಳಿಸಿತು.

"ಇಂಡಿಯಾದವರು ಇದ್ದ ಮನೆ ಅಂದ್ರೆ ನಿಮ್ಮ ಮೇಡಮ್‌ಗೆ ಬೇಡ ಆಗ್ಬಹುದು ಅಂತ," ಅಂದ. "ಅದಕ್ಕೇ ಸುಮ್ಮನಿದ್ದೆ."

 ಅಲ್ಲಿಯೇ ನೆಲದಲ್ಲಿ ಕೂತೆ. ಯಾರ ಮೇಲೆ ಸಿಟ್ಟು ಮಾಡುವುದು? ಅವನ ಮೇಲೋ, ಹದಿನೈದು ವರ್ಷದ ಹಿಂದೆ ಫೋನು ಇಟ್ಟವನ ಮೇಲೋ, ಕೇಳಲಿಕ್ಕೆ ಎಂತ ಉಂಟು ಎಂದ ಗಂಡನ ಮೇಲೋ? ಆಮೇಲೆ ಯಾರ ಮೇಲೆಂದು ಗೊತ್ತಾಯಿತು.

"ಮೇಡಂ ಯಾರೂ ಇಲ್ಲ ಭಾಯಿ," ಅಂದೆ. "ಮನೆ ಬೇಕಾದದ್ದು ನನಗೆ. ಇವಳಿಗೆ."

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಬೈಯಲಿಲ್ಲ. "ಯಾ ಅಲ್ಲಾ," ಎಂದು ಹಣೆ ಒರೆಸಿಕೊಂಡು ಆಗಲೇ ಮಾಲೀಕನಿಗೆ ಫೋನು ಮಾಡಿದ. ಅರಬ್ಬಿಯಲ್ಲಿ ಮಾತು ನಡೆಯಿತು. ಹಿಂದಿ ಎಂಬ ಶಬ್ದ ನನಗೆ ಕೇಳಿಸಿತು, ಇಲ್ಲಿ ನಮ್ಮನ್ನು ಕರೆಯುವುದೇ ಹಾಗೆ.  ಮಗಳು ನನ್ನ ಭುಜದ ಮೇಲೆ ಕೈಯಿಟ್ಟಳು.

ಅವನು ಫೋನು ಕಿಸೆಗೆ ಹಾಕಿದ. "ಇಂಡಿಯಾದವರಾದ್ರೆ ಅವರಿಗೆ ತುಂಬ ಸಂತೋಷ ಇತ್ತಂತೆ," ಅಂದ. "ಆದ್ರೆ ನಿನ್ನೆ ನೋಡಿ ಹೋದವರಿಗೆ ಬೆಳಿಗ್ಗೆ ಮಾತು ಕೊಟ್ಟಾಯ್ತು. ಏಳು ವಾರದಿಂದ ಮೇಡಂ ಮೇಡಂ ಅಂತೀ, ಎಲ್ಲಿ ನಿನ್ನ ಮೇಡಂ ಅಂತ ನನಗೇ ಬೈದ್ರು. ಖಲಾಸ್ ದೀದಿ."

ಕ್ಲಿನಿಕ್ಕಿನ ತನಕ ನಾವಿಬ್ಬರೂ ನಡೆದೆವು. ಬೀದಿಯ ತುದಿಯಲ್ಲಿ ಅಂದು ಸಮುದ್ರ ಸ್ಪಷ್ಟವಾಗಿ ಕಾಣುತ್ತಿತ್ತು, ಹಡಗು ಸಹಿತ. ಮಗಳ ತುಟಿ ಇನ್ನೂ ಮರಗಟ್ಟಿತ್ತು, ನಗಲು ನೋಡಿದರೆ ಒಂದು ಬದಿ ಮಾತ್ರ ನಕ್ಕಿತು. "ಇಟ್ಸ್ ಓಕೆ, ಮಮ್ಮಿ," ಅಂದಳು. ಜೂನ್ ಇಪ್ಪತ್ತರೊಳಗೆ ಅವಳು ಮಂಗಳೂರಿನಲ್ಲಿದ್ದಳು. ಕಪಾಟು ಬಿಚ್ಚುವಾಗ ನಕ್ಷತ್ರಗಳು ಬಿಡಿಸಲು ಬರಲಿಲ್ಲ, ಹಲಗೆಯ ಸಮೇತ ಹೋದವು.

ಈಗ ಎರಡು ವರ್ಷವಾಗುತ್ತಾ ಬಂತು. ನಾವು ಫರ್ವಾನಿಯಾದಲ್ಲೇ ಒಂದು ಕೋಣೆಯಲ್ಲಿದ್ದೇವೆ, ಬ್ಯಾರಿಯವರ ಗೋಡೆಯ ನಡುವಿನ ಸಾಲಿನಿಂದ ಸಿಕ್ಕಿದ್ದು. ಮಧ್ಯಾಹ್ನದ ಬಿಡುವಿನಲ್ಲಿ ನಾನು ಈಗಲೂ ಮನೆ ನೋಡಲು ಹೋಗುತ್ತೇನೆ. ಸಮವಸ್ತ್ರ ತೆಗೆದು ಸೀರೆಯೋ ಚೂಡಿದಾರವೋ ಹಾಕಿಕೊಂಡು ಹೋಗುವುದಿಲ್ಲ. ಅದೇ ಗುಲಾಬಿ ಅಂಗಿಯಲ್ಲಿ ಹೋಗುತ್ತೇನೆ. ಯಾರಿಗೆ ಎಂದರೆ ನನಗೆ ಅನ್ನುತ್ತೇನೆ. ಯಾವ ದೇಶ ಎಂದರೆ ಹೇಳುತ್ತೇನೆ. ನಾಲ್ಕು ಕಡೆ ಇಲ್ಲ ಅಂದಿದ್ದಾರೆ, ಎರಡು ಕಡೆ ನೋಡುವ ಅಂದಿದ್ದಾರೆ. ಹೋದ ವಾರ ಗಂಡನೂ ರಜೆ ಹಾಕಿ ಬಂದರು, ಬಾಗಿಲ ಹೊರಗೇ ಚಪ್ಪಲಿ ಬಿಟ್ಟು ಖಾಲಿ ಮನೆಯೊಳಗೆ ಮೆಲ್ಲಗೆ ನಡೆದರು.

ಮಗಳು ಭಾನುವಾರ ಫೋನು ಮಾಡುತ್ತಾಳೆ. ನಾವು ಏನು ಕೇಳಿದರೂ ಇಂಗ್ಲಿಷಿನಲ್ಲಿ ಉತ್ತರಿಸುತ್ತಿದ್ದ ಹುಡುಗಿ, ಹಾಸ್ಟೆಲಿನಲ್ಲಿದ್ದು ಈಗ ಕನ್ನಡವನ್ನು ನೀರು ಕುಡಿದ ಹಾಗೆ ಆಡುತ್ತಾಳೆ. ಮೊನ್ನೆ ನಗುತ್ತಾ ಕೇಳಿದಳು:

"ಮಮ್ಮಿ, ಮೇಡಮ್‌ಗೆ ಮನೆ ಸಿಕ್ತಾ?"

"ಮೇಡಂ ಖಲಾಸ್," ಅಂದೆ. "ಈಗ ನಾನೇ ಹುಡುಕ್ತಾ ಇದ್ದೇನೆ. ನಿನ್ನ ರಜೆಗೆ ಮೊದಲು ಸಿಗ್ತದೆ ನೋಡು."

 ಅವಳ ಹಿಂದೆ ಯಾರೋ ಹುಡುಗಿಯರು ಬಕೆಟಿಗಾಗಿ ಜಗಳಾಡುವುದು ಕೇಳಿಸುತ್ತಿತ್ತು.

"ಒಳಗೆ ಹೋದ ಕೂಡ್ಲೆ ಮೊದಲು ಗೋಡೆ ನೋಡು, ಆಯ್ತಾ ಮಮ್ಮಿ?" ಅಂದಳು.